ಮೋಡ ತರದ ಗಾಳಿ

ಆಷಾಢದಲ್ಲಿ ಗಾಳಿ ಎದ್ದರೆ ಹಿಂದೆಯೇ ಮಳೆ ಬಂತೆಂದು ಕರಾವಳಿ, ಮಲೆನಾಡಿನ ಮಕ್ಕಳಿಗೂ ಗೊತ್ತು. ತೆಂಗಿನ ಗರಿ ಕಳಚಿ ಬೀಳುವುದಕ್ಕೂ ಅಂಗಳದಲ್ಲಿ ಮೊದಲ ಹನಿ ಬೀಳುವುದಕ್ಕೂ ನಡುವೆ ಒಣಹಾಕಿದ ಬಟ್ಟೆ ಒಳಗೆ ತರುವಷ್ಟೇ ಪುರುಸೊತ್ತು. ಆಗ ಕಡಲೂ ಉಕ್ಕೇರಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಯಾಂತ್ರೀಕೃತ ದೋಣಿಗಳು ಮೀನಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲವೆಂಬುದು ಅದಕ್ಕೆ ಒಂದು ಕಾರಣ, ಕಡಲಿನ ಅಬ್ಬರ ಇನ್ನೊಂದು.

ಅದೇ ಜುಲೈನಲ್ಲಿ ಗ್ರೀಸ್ ಮತ್ತು ಟರ್ಕಿಗಳ ನಡುವಿನ ಏಜಿಯನ್ ಕಡಲೂ ಕೆರಳಿರುತ್ತದೆ. ಉತ್ತರದಿಂದ ನಾಲ್ಕೈದು ದಿನ ಒಂದೇ ಸಮನೆ ಗಾಳಿ ಬೀಸುತ್ತದೆ. ದ್ವೀಪಗಳ ನಡುವೆ ಓಡಾಡುವ ಹಡಗುಗಳನ್ನು ಅಧಿಕಾರಿಗಳು ಬಂದರಿನಲ್ಲೇ ನಿಲ್ಲಿಸಿಕೊಳ್ಳುವ ದಿನಗಳೂ ಇವೆ. ಆದರೆ ತಲೆ ಎತ್ತಿ ನೋಡಿದರೆ ಆಕಾಶದಲ್ಲಿ ಮೋಡದ ಚೂರಿಲ್ಲ, ಬರೀ ಬಿಸಿಲು. ಗ್ರೀಕರು ಈ ಗಾಳಿಯನ್ನು ಮೆಲ್ಟೆಮಿ ಎನ್ನುತ್ತಾರೆ. ಮಂಗಳೂರಿನಲ್ಲಿ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜುಲೈ ತಿಂಗಳಲ್ಲಿ ಏಜಿಯನ್ ನಡುವಿನ ದ್ವೀಪಗಳ ಮೇಲೆ ಒಂದೆರಡು ಮಿಲಿಮೀಟರ್ ಬಿದ್ದರೆ ಅದೇ ಹೆಚ್ಚು.

ಇಷ್ಟು ಗಾಳಿ ಇದ್ದೂ ಮೋಡವೇಕಿಲ್ಲ? ಮೋಡವೇ ಇಲ್ಲದ ಮೇಲೆ ಈ ಗಾಳಿಯನ್ನು ಎಬ್ಬಿಸಿದ್ದು ಯಾವುದು? ಎರಡೂ ಪ್ರಶ್ನೆಗಳ ಉತ್ತರ ಹುಡುಕಿಕೊಂಡು ಹೊರಟರೆ ದಾರಿ ಬಂಗಾಳ ಕೊಲ್ಲಿಯವರೆಗೆ, ಪಶ್ಚಿಮ ಘಟ್ಟದವರೆಗೆ ಬರುತ್ತದೆ.

ಬೆಳಗಿನ ತೀರ್ಮಾನ

ಈ ಗಾಳಿಯ ಲೆಕ್ಕವನ್ನು ದಿನವೂ ಹಾಕಲೇಬೇಕಾದವರಲ್ಲಿ ಕಯಾಕ್ ಗೈಡುಗಳೂ ಇದ್ದಾರೆ. ಕಯಾಕ್ ಎಂದರೆ ಸುಮಾರು ಐದು ಮೀಟರ್ ಉದ್ದದ, ಅರವತ್ತು ಸೆಂಟಿಮೀಟರ್ ಅಗಲದ ಕಿರಿದಾದ ದೋಣಿ. ಕೂತವರ ಸೊಂಟ ಹೆಚ್ಚುಕಡಿಮೆ ನೀರಿನ ಮಟ್ಟದಲ್ಲೇ ಇರುತ್ತದೆ. ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ಎಡಬಲ ಮೀಟುತ್ತ ಹೋದರೆ ಹೊಸಬರೂ ಗಂಟೆಗೆ ನಾಲ್ಕೈದು ಕಿಲೋಮೀಟರ್ ಸಾಗಬಹುದು. ಎಂಜಿನ್ ಇಲ್ಲ, ಹಾಯಿ ಇಲ್ಲ. ಗಾಳಿಗೆ ಎದುರಾಗಿ ಹೋಗಲು ಇರುವುದು ತೋಳು ಮತ್ತು ಬೆನ್ನಿನ ಬಲವೊಂದೇ.

ಸೈಕ್ಲೇಡ್ಸ್ ದ್ವೀಪಗಳ ನೈಋತ್ಯ ಮೂಲೆಯಲ್ಲಿರುವ ಮಿಲೋಸ್ ಇಂಥ ಪ್ರವಾಸಗಳಿಗೆ ಹೆಸರಾದ ಜಾಗ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಕೈಯಿಲ್ಲದ ವೀನಸ್ ಪ್ರತಿಮೆ 1820ರಲ್ಲಿ ಸಿಕ್ಕಿದ್ದು ಇಲ್ಲಿಯೇ. ಜ್ವಾಲಾಮುಖಿಯಿಂದ ಹುಟ್ಟಿದ ಈ ದ್ವೀಪ ಲಾಳದ ಆಕಾರದಲ್ಲಿದೆ. ನಡುವೆ ದೊಡ್ಡ ಕೊಲ್ಲಿ. ಉತ್ತರ ದಂಡೆಯ ಸಾರಾಕಿನಿಕೊದಲ್ಲಿ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಬೆಳ್ಳಗಿನ ಬಂಡೆಯಾಗಿದೆ. ನೈಋತ್ಯದ ಕ್ಲೆಫ್ಟಿಕೊದಲ್ಲಿ ಕಡಲುಗಳ್ಳರು ಅಡಗುತ್ತಿದ್ದ ಬಿಳಿ ಬಂಡೆಗಳ ಕಮಾನುಗಳಿವೆ, ಗವಿಗಳಿವೆ. ಅಲ್ಲಿಂದ ಪಶ್ಚಿಮ ದಂಡೆಗೆ ತಿರುಗಿದರೆ ಚಾವಣಿ ಕುಸಿದು ಬಿಸಿಲು ನೇರವಾಗಿ ನೀರಿಗಿಳಿಯುವ ಸಿಕಿಯಾ ಗವಿ ಸಿಗುತ್ತದೆ. ದಕ್ಷಿಣ ದಂಡೆಯ ಫಿರಿಪ್ಲಾಕಾದಲ್ಲಿ ಬಂಡೆಗೋಡೆ ಕೆಂಪು, ಹಳದಿ, ಬೂದು ಬಣ್ಣಗಳಲ್ಲಿ ಎದ್ದು ನಿಂತಿದೆ. ನೆಲದಾಳದ ಬಿಸಿನೀರು ಮತ್ತು ಗಂಧಕದ ಆವಿ ಕಲ್ಲನ್ನು ಕೊರೆದು ಬಣ್ಣ ಬದಲಿಸಿದ ಗುರುತು ಅದು.

ಅರ್ಧ ದಿನದ ಪ್ರವಾಸಕ್ಕೆ ಹೆಸರು ಕೊಟ್ಟವರಿಗೆ ಎಲ್ಲಿಗೆ ಹೋಗುವುದೆಂದು ಬಹಳ ಸಲ ಹಿಂದಿನ ಸಂಜೆಯವರೆಗೂ ತಿಳಿದಿರುವುದಿಲ್ಲ. ಗಾಳಿಯ ಮುನ್ಸೂಚನೆ ನೋಡಿ ಗೈಡ್ ದಂಡೆಯನ್ನು ಆರಿಸುತ್ತಾನೆ, ಕಯಾಕುಗಳನ್ನು ಗಾಡಿಗೆ ಕಟ್ಟಿ ಆ ದಂಡೆಗೆ ಸಾಗಿಸುತ್ತಾನೆ. ಮೆಲ್ಟೆಮಿ ಬೀಸುವ ದಿನ ಉತ್ತರದ ಸಾರಾಕಿನಿಕೊ ಕೈಬಿಟ್ಟಂತೆಯೇ. ಅಲೆ ದೊಡ್ಡದಾಗಲು ಗಾಳಿಯ ಬಿರುಸೊಂದೇ ಸಾಲದು, ಗಾಳಿ ನೀರಿನ ಮೇಲೆ ತಡೆಯಿಲ್ಲದೆ ಓಡಿಬಂದ ದೂರವೂ ಬೇಕು. ಇದನ್ನು ಗಾಳಿಯ ಓಟದಳತೆ ಎನ್ನೋಣ. ಉತ್ತರ ದಂಡೆಗೆ ಬರುವ ಅಲೆಗೆ ಹತ್ತಾರು ಕಿಲೋಮೀಟರ್ ಓಟದಳತೆ ಸಿಕ್ಕಿರುತ್ತದೆ. ದಕ್ಷಿಣದ ಬಂಡೆಗೋಡೆಯ ಬುಡದಲ್ಲಿ ಅದು ಸೊನ್ನೆ. ಹಾಗಾಗಿ ಉತ್ತರದಲ್ಲಿ ನೊರೆ ಎದ್ದು ಬಂಡೆಗೆ ಅಪ್ಪಳಿಸುವ ಹೊತ್ತಿನಲ್ಲೇ ದಕ್ಷಿಣದ ಗಾಳಿಮರೆಯಲ್ಲಿ ತಳದ ಕಲ್ಲು ಎಣಿಸುವಷ್ಟು ನೀರು ತಿಳಿಯಾಗಿರುತ್ತದೆ.

ಬೆಳಗ್ಗೆಯೇ ಹೊರಡುವುದಕ್ಕೂ ಕಾರಣ ಗಾಳಿಯೇ. ಈ ಗಾಳಿ ಹಗಲು ಬೀಸಿ ರಾತ್ರಿ ನಿಲ್ಲುತ್ತದೆ ಎಂದು ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಅರಿಸ್ಟಾಟಲ್ ಬರೆದಿಟ್ಟಿದ್ದಾನೆ. ರಾತ್ರಿ ನೆಲ ತಣಿದು, ನೆಲಕ್ಕೆ ತಾಗಿದ ಗಾಳಿ ತಂಪಾಗಿ ಭಾರವಾಗುತ್ತದೆ. ಮೇಲೆ ಹರಿಯುವ ಬಿರುಗಾಳಿಯೊಡನೆ ಬೆರೆಯದೆ ತನ್ನಷ್ಟಕ್ಕೆ ಕೂರುತ್ತದೆ. ಹೊತ್ತೇರಿ ನೆಲ ಕಾದಂತೆ ಈ ಪದರ ಕಲಕಿಹೋಗುತ್ತದೆ, ಮೇಲಿನ ಬಿರುಸು ಕೆಳಗಿಳಿಯುತ್ತದೆ. ಮಧ್ಯಾಹ್ನದ ನಂತರ ಗಾಳಿ ಜೋರು. ತೆರೆದ ಕಡಲಿನ ಮೇಲೆ ಹಗಲು ರಾತ್ರಿಗಳ ಈ ವ್ಯತ್ಯಾಸ ಅಷ್ಟಾಗಿ ಕಾಣದು, ದ್ವೀಪಗಳ ಅಂಚಿನಲ್ಲಿ ಚೆನ್ನಾಗಿ ಕಾಣುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಇಳಿದವರು ಮಧ್ಯಾಹ್ನ ಒಂದರೊಳಗೆ ದಡ ಸೇರಿದರೆ ದಿನದ ಒಳ್ಳೆಯ ಹೊತ್ತು ಅವರದಾಗಿರುತ್ತದೆ.

ಎರಡು ಒತ್ತಡಗಳ ನಡುವಿನ ಕಡಲು

ಗಾಳಿ ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಹೊರಡುತ್ತದೆ ಎಂಬುದು ಶಾಲೆಯ ಪಾಠ. ಆದರೆ ಅದು ನೇರವಾಗಿ ತಲುಪುವುದಿಲ್ಲ. ಭೂಮಿ ತಿರುಗುತ್ತಿರುವುದರಿಂದ ಉತ್ತರಾರ್ಧ ಗೋಳದಲ್ಲಿ ಗಾಳಿ ಬಲಕ್ಕೆ ವಾಲುತ್ತದೆ. ಅದರ ಪರಿಣಾಮವಾಗಿ ಕಡಿಮೆ ಒತ್ತಡದ ವಲಯವನ್ನು ಅದು ಅಪ್ರದಕ್ಷಿಣವಾಗಿ ಸುತ್ತುತ್ತದೆ, ಹೆಚ್ಚು ಒತ್ತಡದ ವಲಯವನ್ನು ಪ್ರದಕ್ಷಿಣವಾಗಿ. ಈ ಎರಡು ಸುತ್ತುಗಳನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಜುಲೈನ ಒತ್ತಡದ ನಕ್ಷೆ ನೋಡಿ. ರಾಜಸ್ಥಾನ ಮತ್ತು ಪಾಕಿಸ್ತಾನದ ಮೇಲೆ ಒತ್ತಡ 1000 ಮಿಲಿಬಾರ್‌ಗಿಂತ ಕೆಳಗಿಳಿದಿದೆ. ನಮ್ಮ ಮುಂಗಾರನ್ನು ಅರಬ್ಬಿ ಕಡಲಿನಿಂದ ಒಳಗೆಳೆಯುವುದು ಇದೇ ತಗ್ಗು. ಅದು ಅಲ್ಲಿಗೇ ಮುಗಿಯುವುದಿಲ್ಲ. ಒಂದು ನಾಲಿಗೆ ಚಾಚಿಕೊಂಡು ಇರಾನ್, ಇರಾಕ್ ದಾಟಿ ಟರ್ಕಿಯವರೆಗೆ ಹೋಗಿದೆ. ಅತ್ತ ಅಟ್ಲಾಂಟಿಕ್ ಕಡೆಯಿಂದ ಹೆಚ್ಚು ಒತ್ತಡದ ಒಂದು ದಿಬ್ಬ ಬಾಲ್ಕನ್ ದೇಶಗಳವರೆಗೆ ಹಬ್ಬಿದೆ; ಅಲ್ಲಿ ಒತ್ತಡ 1015ರ ಆಸುಪಾಸು. ಏಜಿಯನ್ ಕಡಲು ಸರಿಯಾಗಿ ಎರಡರ ನಡುವೆ ಸಿಕ್ಕಿಕೊಂಡಿದೆ.

ಬಾಲ್ಕನ್ನಿನ ದಿಬ್ಬವನ್ನು ಪ್ರದಕ್ಷಿಣವಾಗಿ ಸುತ್ತುವ ಗಾಳಿ ಅದರ ಪೂರ್ವದ ಬದಿಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. ಟರ್ಕಿಯ ತಗ್ಗನ್ನು ಅಪ್ರದಕ್ಷಿಣವಾಗಿ ಸುತ್ತುವ ಗಾಳಿಯೂ ಅದರ ಪಶ್ಚಿಮದ ಬದಿಯಲ್ಲಿ ಉತ್ತರದಿಂದ ದಕ್ಷಿಣಕ್ಕೇ ಇಳಿಯುತ್ತದೆ. ಎರಡೂ ಸೇರಿ ಒಂದೇ ಕಡಲಿನ ಮೇಲೆ ಒಂದೇ ದಿಕ್ಕಿಗೆ ನೂಕುತ್ತವೆ. ಮೆಲ್ಟೆಮಿ ಎಂದರೆ ಇದೇ. ಬೋಫರ್ಟ್ ಅಳತೆಯಲ್ಲಿ ಅದು 5, 6 ಮುಟ್ಟುವುದು ಸಾಮಾನ್ಯ, ಅಂದರೆ ಗಂಟೆಗೆ ಸುಮಾರು 30ರಿಂದ 50 ಕಿಲೋಮೀಟರ್ ವೇಗ. ಕೆಲವು ದಿನ 7, 8ಕ್ಕೂ ಏರುತ್ತದೆ.

ಹೀಗೆ ಮೆಲ್ಟೆಮಿಯನ್ನು ಎಳೆಯುವ ಎರಡು ಕೈಗಳಲ್ಲಿ ಒಂದು ಮುಂಗಾರಿನದು. ಗಾಳಿಯ ಪ್ರಶ್ನೆ ಇಲ್ಲಿಗೆ ಅರ್ಧ ಬಗೆಹರಿಯಿತು. ಮೋಡದ ಪ್ರಶ್ನೆ ಇದಕ್ಕಿಂತ ಕಠಿಣ.

ಇಳಿದುಬರುವ ಆಕಾಶ

ಮೋಡ ಕಟ್ಟಬೇಕಾದರೆ ಗಾಳಿ ಮೇಲೇರಬೇಕು. ಏರಿದ ಗಾಳಿ ಹಿಗ್ಗಿ ತಣಿಯುತ್ತದೆ, ಅದರೊಳಗಿನ ಆವಿ ಹನಿಯಾಗುತ್ತದೆ. ಗಾಳಿ ಕೆಳಗಿಳಿದರೆ ಇದಕ್ಕೆ ತದ್ವಿರುದ್ಧ: ಕುಗ್ಗಿ, ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಬಿಸಿಯಾಗಿ, ಇದ್ದ ಮೋಡವನ್ನೂ ಒಣಗಿಸಿಬಿಡುತ್ತದೆ. ಬೇಸಿಗೆಯಲ್ಲಿ ಏಜಿಯನ್ನಿನಿಂದ ಈಜಿಪ್ಟಿನವರೆಗೆ ಎತ್ತರದ ಗಾಳಿ ನಿಧಾನವಾಗಿ, ಎಡೆಬಿಡದೆ ಇಳಿಯುತ್ತಿರುತ್ತದೆ. ಏಕೆ ಇಳಿಯುತ್ತದೆ?

ಬಹುಕಾಲ ಪುಸ್ತಕಗಳು ಕೊಟ್ಟ ಉತ್ತರ ಹೀಗಿತ್ತು: ಸಮಭಾಜಕದ ಬಳಿ ಏರಿದ ಗಾಳಿ 30 ಡಿಗ್ರಿ ಅಕ್ಷಾಂಶದ ಹತ್ತಿರ ಇಳಿಯುತ್ತದೆ, ಅದಕ್ಕೇ ಅಲ್ಲಿ ಮರುಭೂಮಿಗಳಿವೆ. ಉತ್ತರ ತಪ್ಪಲ್ಲ, ಆದರೆ ಬೇಸಿಗೆಗೆ ಒಪ್ಪುವುದಿಲ್ಲ. ಉತ್ತರಾರ್ಧ ಗೋಳದಲ್ಲಿ ಈ ಚಕ್ರ ಬಲವಾಗಿರುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಅದು ತೀರ ದುರ್ಬಲ. ಪೂರ್ವ ಮೆಡಿಟರೇನಿಯನ್ ಮೇಲೆ ಗಾಳಿ ಜೋರಾಗಿ ಇಳಿಯುವುದು ಮಾತ್ರ ಬೇಸಿಗೆಯಲ್ಲೇ.

ಈ ಹೊಂದಾಣಿಕೆಯಿಲ್ಲದ ಜಾಗಕ್ಕೆ ಕೈಹಾಕಿದವರು ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಮಾರ್ಕ್ ರಾಡ್‌ವೆಲ್ ಮತ್ತು ಬ್ರಯಾನ್ ಹಾಸ್ಕಿನ್ಸ್. 1996ರಲ್ಲಿ ಪ್ರಕಟವಾದ ಅವರ ಪ್ರಬಂಧ ಮುಂಗಾರಿಗೂ ಮರುಭೂಮಿಗೂ ಇರುವ ನಂಟನ್ನು ಬಿಡಿಸಿಟ್ಟಿತು. ಕಂಪ್ಯೂಟರಿನೊಳಗಿನ ಸರಳ ವಾತಾವರಣದಲ್ಲಿ ಏಷ್ಯಾದ ಮುಂಗಾರು ಮಳೆಯ ಶಾಖವನ್ನು ಸೇರಿಸಿ ನೋಡಿದಾಗ, ಸಾವಿರಾರು ಕಿಲೋಮೀಟರ್ ಪಶ್ಚಿಮಕ್ಕೆ ಪೂರ್ವ ಮೆಡಿಟರೇನಿಯನ್ ಮೇಲೆ ಗಾಳಿ ಇಳಿಯತೊಡಗಿತ್ತು.

ಮಳೆಯ ಶಾಖ ಎಂಬ ಮಾತು ವಿಚಿತ್ರವೆನಿಸಬಹುದು. ಕಡಲ ನೀರು ಆವಿಯಾಗುವಾಗ ಶಾಖ ಹೀರಿರುತ್ತದೆ, ಮೋಡದಲ್ಲಿ ಮತ್ತೆ ಹನಿಯಾಗುವಾಗ ಅಷ್ಟನ್ನೂ ಸುತ್ತಲಿನ ಗಾಳಿಗೆ ಬಿಟ್ಟುಕೊಡುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಸಾವಿರ ಮಿಲಿಮೀಟರ್ ಮಳೆ ಬಿದ್ದರೆ ಅದರ ಮೇಲಿನ ಗಾಳಿಗೆ ಸಿಕ್ಕ ಶಾಖ ಸುಮಾರು 700 ಯೂನಿಟ್ ವಿದ್ಯುತ್ತಿಗೆ ಸಮ. ಬಂಗಾಳ ಕೊಲ್ಲಿ, ಈಶಾನ್ಯ ಭಾರತ, ಪಶ್ಚಿಮ ಘಟ್ಟ ಎಲ್ಲವನ್ನೂ ಸೇರಿಸಿಕೊಂಡರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭೂಮಿಯ ಮೇಲೆ ಇದಕ್ಕಿಂತ ದೊಡ್ಡ ಒಲೆ ಸಿಗುವುದು ಕಷ್ಟ.

ಆದರೆ ಭಾರತದ ಮೇಲೆ ಏರಿದ ಅದೇ ಗಾಳಿ ಮೇಲಿಂದ ಮೇಲೆಯೇ ಹೋಗಿ ಗ್ರೀಸಿನ ಮೇಲೆ ಇಳಿಯುತ್ತದೆ ಎಂದುಕೊಳ್ಳಬಾರದು. ರಾಡ್‌ವೆಲ್ ಮತ್ತು ಹಾಸ್ಕಿನ್ಸ್ ತೋರಿಸಿಕೊಟ್ಟದ್ದರಲ್ಲಿ ಸೊಗಸಾದ ಭಾಗ ಇದು. ಅಲ್ಲಿ ಇಳಿಯುವ ಗಾಳಿ ಬರುವುದು ಪಶ್ಚಿಮದಿಂದ, ಯುರೋಪಿನ ಕಡೆಯಿಂದ. ಮುಂಗಾರು ಕೊಡುವುದು ಗಾಳಿಯನ್ನಲ್ಲ, ಇಳಿಜಾರನ್ನು.

ನಾಲ್ಕು ಜನ ನಾಲ್ಕು ಮೂಲೆ ಹಿಡಿದು ನಿಂತ ಜಮಖಾನೆಯನ್ನು ಕಲ್ಪಿಸಿಕೊಳ್ಳಿ. ವಾತಾವರಣದ ಗಾಳಿ ಇಂಥ ಜಮಖಾನೆಗಳನ್ನು ಒಂದರ ಮೇಲೊಂದು ಹಾಸಿದ ಹಾಗಿದೆ. ಹೊರಗಿನ ಶಾಖ ಸಿಗದೆ, ಒಳಗಿನ ಶಾಖ ಕಳೆದುಕೊಳ್ಳದೆ ಸಾಗುವ ಗಾಳಿ ತನ್ನ ಜಮಖಾನೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದಿಲ್ಲ. ಎತ್ತರದ ಗಾಳಿ ಎಲ್ಲಿ ಬೆಚ್ಚಗಾಗುತ್ತದೋ ಅಲ್ಲಿ ಜಮಖಾನೆ ಜೋಲುತ್ತದೆ. ಮುಂಗಾರಿನ ಶಾಖ ಅದರ ಒಂದು ಕಡೆ ಇಟ್ಟ ಭಾರ. ಜೋಲು ಆ ಭಾರದ ಕೆಳಗಷ್ಟೇ ಆಗದೆ ಪಶ್ಚಿಮದ ಬದಿಗೂ ಹರಡುತ್ತದೆ. ಯುರೋಪಿನ ಕಡೆಯಿಂದ ಬರುವ ಪಡುವಣ ಗಾಳಿ ಅದರ ಅಂಚಿಗೆ ಬಂದಾಗ ಗೋಲಿಯೊಂದು ಉರುಳುವ ಹಾಗೆ ಕೆಳಗೆ ಜಾರುತ್ತದೆ. ಆ ಅಂಚು ಬೀಳುವುದು ಏಜಿಯನ್ ಮತ್ತು ಅದರ ದಕ್ಷಿಣದ ಕಡಲಿನ ಮೇಲೆ.

ಜಾರಿದ ಗಾಳಿ ಬಿಸಿಯಾಯಿತು, ಒಣಗಿತು. ಮೋಡಕ್ಕೆ ಜಾಗವಿಲ್ಲ.

ಪಡುವಣಕ್ಕೇ ಏಕೆ?

ಜೋಲು ಪೂರ್ವಕ್ಕೆ ಹರಡದೆ ಪಶ್ಚಿಮಕ್ಕೆ ಏಕೆ ಹರಡಬೇಕು? ಸ್ವೀಡನ್ ಮೂಲದ ಹವಾಮಾನ ವಿಜ್ಞಾನಿ ಕಾರ್ಲ್ ಗುಸ್ತಾಫ್ ರಾಸ್‌ಬಿ 1939ರಲ್ಲಿ ವಿವರಿಸಿದ ದೈತ್ಯ ಅಲೆಗಳಲ್ಲಿ ಇದರ ಉತ್ತರವಿದೆ. ಅಲೆಯೆಂದರೆ ನೀರಿನಲ್ಲಿ ಏಳುವಂಥದಲ್ಲ. ಸಾವಿರಾರು ಕಿಲೋಮೀಟರ್ ಉದ್ದದ, ಗಾಳಿಯ ಸುತ್ತುಗಳಿಂದಲೇ ಆದ ನಿಧಾನದ ಅಲೆ.

ಮುಂಗಾರಿನ ಮೇಲ್ಗಡೆ, ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಟಿಬೆಟ್ ಆಸುಪಾಸಿನಲ್ಲಿ ದೊಡ್ಡದೊಂದು ಪ್ರದಕ್ಷಿಣ ಸುತ್ತು ಹುಟ್ಟಿಕೊಳ್ಳುತ್ತದೆ. ಅದರ ಪಶ್ಚಿಮದ ಬದಿಯಲ್ಲಿ ಗಾಳಿ ಉತ್ತರಕ್ಕೆ ಹೋಗುತ್ತದೆ. ಉತ್ತರಕ್ಕೆ ಹೋದಷ್ಟೂ ಭೂಮಿಯ ತಿರುಗಾಟದ ಪ್ರಭಾವ ಹೆಚ್ಚು. ಅದನ್ನು ಸರಿದೂಗಿಸಲು ಗಾಳಿ ಇನ್ನಷ್ಟು ಪ್ರದಕ್ಷಿಣವಾಗಿ ಸುತ್ತತೊಡಗುತ್ತದೆ. ಹೀಗೆ ಪಶ್ಚಿಮದಲ್ಲಿ ಸುತ್ತು ಬೆಳೆಯುತ್ತದೆ; ಪೂರ್ವದ ಬದಿಯಲ್ಲಿ ಗಾಳಿ ದಕ್ಷಿಣಕ್ಕೆ ಇಳಿಯುವುದರಿಂದ ಅಲ್ಲಿ ಕರಗುತ್ತದೆ. ಇಡೀ ಸುತ್ತು ಪಶ್ಚಿಮದ ಕಡೆಗೆ ಹಬ್ಬುತ್ತ ಹೋಗುತ್ತದೆ.

ನೆಲಮಟ್ಟದ ತಗ್ಗಿಗೂ ಇದೇ ನಿಯಮ. ಅಲ್ಲಿ ಸುತ್ತು ಅಪ್ರದಕ್ಷಿಣ, ಪಶ್ಚಿಮದ ಬದಿಯಲ್ಲಿ ಗಾಳಿ ದಕ್ಷಿಣಕ್ಕೆ ಇಳಿಯುತ್ತದೆ, ಇಳಿದಷ್ಟೂ ಅಪ್ರದಕ್ಷಿಣ ಸುತ್ತು ಹೆಚ್ಚುತ್ತದೆ, ತಗ್ಗು ಪಶ್ಚಿಮಕ್ಕೆ ಚಾಚುತ್ತದೆ. ಟರ್ಕಿಯವರೆಗೆ ಬಂದ ನಾಲಿಗೆಗೆ ಆ ದೇಶದ ಕಾದ ನೆಲವೂ ಬಲ ಕೊಡುತ್ತದೆ. ಅದರ ಪಶ್ಚಿಮದ ಅಂಚಿನಲ್ಲಿ ದಕ್ಷಿಣಕ್ಕೆ ಇಳಿಯುವ ಗಾಳಿಯೇ ಮಿಲೋಸಿನ ದಂಡೆಗೆ ಬಡಿಯುವ ಮೆಲ್ಟೆಮಿ. ಮಂಗಳೂರಿನಿಂದ ಮಿಲೋಸಿಗೆ ನೇರ ದೂರ ಐದೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಆದರೂ ಆ ಗಾಳಿಯೂ ಆ ನಿರಭ್ರ ಆಕಾಶವೂ ಮುಂಗಾರಿನ ಪಶ್ಚಿಮದ ಅಂಚುಗಳು. ಒಂದು ನೆಲಮಟ್ಟದಲ್ಲಿ, ಇನ್ನೊಂದು ಎತ್ತರದಲ್ಲಿ.

ಇವೆರಡೂ ಒಂದನ್ನೊಂದು ತೂಗಿಸಿಕೊಳ್ಳುತ್ತವೆ ಎಂಬುದು ಇಸ್ರೇಲಿನ ಬರೂಖ್ ಝಿವ್, ಹದಾಸ್ ಸಾರೋನಿ, ಪಿನ್ಹಾಸ್ ಆಲ್ಪರ್ಟ್ ಅವರ 2004ರ ಅಧ್ಯಯನದಲ್ಲಿ ಸ್ಪಷ್ಟವಾಯಿತು. ಇಳಿಯುವ ಗಾಳಿಯೊಂದೇ ಇದ್ದಿದ್ದರೆ ಈ ದ್ವೀಪಗಳು ಬಾಣಲೆ ಕಾದ ಹಾಗೆ ಕಾಯುತ್ತಿದ್ದವು. ಉತ್ತರದ ತಂಪನ್ನು ಹೊತ್ತು ತರುವ ಮೆಲ್ಟೆಮಿ ಆ ಬಿಸಿಯನ್ನು ತಡೆಯುತ್ತದೆ. ಮುಂಗಾರು ಬಲಗೊಂಡರೆ ಇಳಿತ ಹೆಚ್ಚುತ್ತದೆ, ಉತ್ತರದ ಗಾಳಿಯೂ ಹೆಚ್ಚುತ್ತದೆ. ಪೂರ್ವ ಮೆಡಿಟರೇನಿಯನ್ ಬೇಸಿಗೆಯ ತಾಪಮಾನ ದಿನದಿಂದ ದಿನಕ್ಕೆ ಹೆಚ್ಚು ಏರುಪೇರಾಗದಿರಲು ಇದೊಂದು ಕಾರಣ.

ಹಳೆಯ ಗ್ರೀಕರ ವಾದ

ಮಿಲೋಸಿನ ಕಪ್ಪು ಗಾಜುಗಲ್ಲು, ಅಬ್ಸಿಡಿಯನ್, ಗ್ರೀಸಿನ ಮುಖ್ಯ ಭೂಭಾಗದ ಫ್ರಾಂಖ್ತಿ ಗವಿಯಲ್ಲಿ ಸುಮಾರು 13,000 ವರ್ಷ ಹಳೆಯ ಪದರದಲ್ಲಿ ಸಿಕ್ಕಿದೆ. ಲೋಹ, ಹಾಯಿ ಎರಡೂ ಇಲ್ಲದ ಕಾಲದಲ್ಲಿ ಯಾರೋ ಈ ಕಡಲನ್ನು ದಾಟಿದ್ದರು. ಬರಹದ ಕಾಲಕ್ಕೆ ಬಂದರೆ ಬೇಸಿಗೆಯ ಉತ್ತರದ ಗಾಳಿ ರಾಜಕಾರಣದ ವಿಷಯವೇ ಆಗಿದೆ. ಅಥೆನ್ಸಿನ ಹಡಗುಗಳು ಗಾಳಿಗೆ ಎದುರಾಗಿ ಉತ್ತರಕ್ಕೆ ಬರಲಾರವೆಂದು ತಿಳಿದೇ ಮ್ಯಾಸಿಡೋನಿಯದ ದೊರೆ ಫಿಲಿಪ್ ತನ್ನ ದಾಳಿಗಳನ್ನು ಈ ಗಾಳಿಯ ಕಾಲಕ್ಕೋ ಚಳಿಗಾಲಕ್ಕೋ ಇಟ್ಟುಕೊಳ್ಳುತ್ತಾನೆ ಎಂದು ವಾಗ್ಮಿ ಡೆಮಾಸ್ತನೀಸ್ ತನ್ನ ಊರಿನವರನ್ನು ಎಚ್ಚರಿಸಿದ್ದ.

ಇದಕ್ಕಿಂತ ಕುತೂಹಲದ್ದು ನೈಲ್ ನದಿಯ ವಾದ. ಮಳೆಯೇ ಇಲ್ಲದ ಈಜಿಪ್ಟಿನಲ್ಲಿ, ಕಡುಬೇಸಿಗೆಯಲ್ಲಿ ನೈಲ್ ಉಕ್ಕಿ ಹರಿಯುವುದು ಗ್ರೀಕರಿಗೆ ದೊಡ್ಡ ಒಗಟಾಗಿತ್ತು. ಉತ್ತರದ ಗಾಳಿ ನದಿಯ ಬಾಯಿಗೆ ಎದುರಾಗಿ ಬೀಸಿ ನೀರು ಕಡಲು ಸೇರದಂತೆ ತಡೆಯುತ್ತದೆ, ಅದಕ್ಕೇ ನೆರೆ ಎಂಬುದು ಥೇಲೀಸನದೆಂದು ಹೇಳಲಾಗುವ ವಿವರಣೆ. ಹೆರೊಡೋಟಸ್ ಒಪ್ಪಲಿಲ್ಲ. ಗಾಳಿ ಬೀಸದ ವರ್ಷವೂ ನೈಲ್ ಉಕ್ಕುತ್ತದಲ್ಲ, ಗಾಳಿಗೆ ಎದುರಾದ ಬೇರೆ ನದಿಗಳು ಏಕೆ ಉಕ್ಕುವುದಿಲ್ಲ ಎಂದು ಕೇಳಿದ. ಎರಡೂ ಗಟ್ಟಿಯಾದ ಪ್ರಶ್ನೆಗಳೇ. ನೈಲ್ ನೆರೆ ಹುಟ್ಟುವುದು ಇಥಿಯೋಪಿಯಾದ ಬೆಟ್ಟಗಳಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಿಂದ. ಆ ಮಳೆಯೂ ಆಫ್ರಿಕಾ, ಏಷ್ಯಾಗಳ ಮೇಲೆ ಹಬ್ಬಿದ ಅದೇ ಬೇಸಿಗೆಯ ಮಾರುತಗಳದು. ಗಾಳಿ ನೆರೆಗೆ ಕಾರಣವಲ್ಲ, ಆದರೆ ಎರಡೂ ಒಟ್ಟೊಟ್ಟಿಗೆ ಬರುವುದನ್ನು ಗಮನಿಸಿದ ಕಣ್ಣು ತಪ್ಪಿರಲಿಲ್ಲ.

ಗಾಳಿಮರೆಯಲ್ಲಿ ಎಚ್ಚರ

ದಕ್ಷಿಣ ದಂಡೆಯ ತಿಳಿನೀರಿನಲ್ಲಿ ಹುಟ್ಟು ಹಾಕುವವರಿಗೆ ಇಷ್ಟೆಲ್ಲ ನಡೆಯುತ್ತಿರುವುದು ಕಾಣುವುದೇ ಇಲ್ಲ. ಅಲ್ಲಿನ ಅಪಾಯ ಇರುವುದೂ ಅದರಲ್ಲೇ. ಗಾಳಿ ಬೀಸುತ್ತಿರುವುದು ದಡದಿಂದ ಕಡಲಿನ ಕಡೆಗೆ. ಬಂಡೆಯ ಬುಡದಿಂದ ಹೊರಗೆ ಹೋದಂತೆ ಓಟದಳತೆ ಹೆಚ್ಚುತ್ತದೆ, ಅಲೆ ಬೆಳೆಯುತ್ತದೆ. ಮಿಲೋಸಿನ ದಕ್ಷಿಣಕ್ಕೆ ಕ್ರೀಟ್ ದ್ವೀಪ ಸಿಗುವವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ತೆರೆದ ಕಡಲು. ಗಾಳಿಯ ವೇಗ ಎರಡು ಪಟ್ಟಾದರೆ ಅದು ದೂಡುವ ಬಲ ನಾಲ್ಕು ಪಟ್ಟು. ಗಂಟೆಗೆ 15 ಕಿಲೋಮೀಟರ್ ಗಾಳಿಗೆ ಎದುರಾಗಿ ಆರಾಮವಾಗಿ ಬಂದವರು 30ಕ್ಕೆ ಏರಿದಾಗ ಮೀಟುತ್ತಲೇ ನಿಂತಲ್ಲೇ ನಿಲ್ಲಬಹುದು. ಆದ್ದರಿಂದ ಗೈಡುಗಳು ಕೊಲ್ಲಿಯ ಬಾಯನ್ನು ನೇರವಾಗಿ ದಾಟಿಸದೆ, ದಾರಿ ಉದ್ದವಾದರೂ ದಂಡೆಯ ಬಾಗನ್ನೇ ಹಿಡಿದು ಕರೆದೊಯ್ಯುತ್ತಾರೆ. ಈ ನಿಯಮವನ್ನು ಎಷ್ಟು ಒತ್ತಿ ಹೇಳಿದರೂ ಹೆಚ್ಚಲ್ಲ.

ಇನ್ನೊಂದು ಅಪಾಯ ಬೆಟ್ಟದಿಂದ ಬರುತ್ತದೆ. ಮಿಲೋಸಿನ ಪಶ್ಚಿಮಾರ್ಧದ ಪ್ರೊಫಿತಿಸ್ ಇಲಿಯಾಸ್ ಬೆಟ್ಟ ಸುಮಾರು 750 ಮೀಟರ್ ಎತ್ತರವಿದೆ. ಉತ್ತರದ ಗಾಳಿ ಅದನ್ನೇರಿ ಆಚೆಗೆ ಬೀಳುವಾಗ ಕೆಲವೊಮ್ಮೆ ತೆರೆದ ಕಡಲಿನ ಗಾಳಿಗಿಂತಲೂ ಬಿರುಸಾಗಿ ಕಣಿವೆಗಳಿಂದ ನುಗ್ಗುತ್ತದೆ. ನೀರಿನ ಮೇಲೆ ಕಪ್ಪು ತೇಪೆ ಓಡಿಬರುವುದು ಕಂಡರೆ ಅದರ ಸೂಚನೆ. ಗೈಡ್ ಕೂಗುತ್ತಾನೆ, ಎಲ್ಲರೂ ಹುಟ್ಟನ್ನು ತಗ್ಗಿಸಿ ಹಿಡಿದು ಅದು ಹಾದುಹೋಗಲು ಬಿಡುತ್ತಾರೆ. ಕಯಾಕಿನ ಮೂತಿ ತಾನಾಗಿ ಗಾಳಿಯ ಕಡೆಗೆ ತಿರುಗಲು ನೋಡುತ್ತದೆ. ದಾರಿ ತಪ್ಪದಿರಲೆಂದು ಹಿಂಭಾಗದ ತಳದಲ್ಲಿ ಇಳಿಬಿಡುವ ಚಿಕ್ಕ ಹಲಗೆಯೊಂದಿರುತ್ತದೆ.

ಮುಂಗಾರು ಹಿಂದೆಗೆದ ಮೇಲೆ

ಸೆಪ್ಟೆಂಬರ್ ನಡುವಿಗೆ ರಾಜಸ್ಥಾನದ ಕಡೆಯಿಂದ ಮುಂಗಾರು ಹಿಂದೆಗೆಯತೊಡಗುತ್ತದೆ. ಟರ್ಕಿಯವರೆಗೆ ಚಾಚಿದ ತಗ್ಗು ತುಂಬಿಕೊಳ್ಳುತ್ತದೆ, ಮೆಲ್ಟೆಮಿಯ ದಿನಗಳು ವಿರಳವಾಗುತ್ತವೆ, ಮೇಲಿನ ಇಳಿತ ಸಡಿಲವಾಗುತ್ತದೆ. ಕಡಲು ಮಾತ್ರ ಬೇಸಿಗೆಯ ಬಿಸಿಯನ್ನು ಇನ್ನೂ ಹಿಡಿದುಕೊಂಡಿರುತ್ತದೆ. ಈಜಲೂ ಹುಟ್ಟು ಹಾಕಲೂ ಇದೇ ಹದವಾದ ಕಾಲವೆಂದು ಅನುಭವಸ್ಥರು ಹೇಳುವುದು ಈ ಲೆಕ್ಕದಿಂದಲೇ.

ಅಕ್ಟೋಬರ್ ಬಂತೆಂದರೆ ಪಶ್ಚಿಮದಿಂದ ಮಳೆಯ ಸುಳಿಗಳು ಬರಲು ದಾರಿ ತೆರೆಯುತ್ತದೆ. ಮಿಲೋಸಿನ ವರ್ಷದ ಮಳೆಯ ಬಹುಪಾಲು ಅಲ್ಲಿಂದ ಮಾರ್ಚ್ ನಡುವೆ ಬೀಳುತ್ತದೆ. ಆ ಸುಳಿಗಳ ಮುಂದೆ ಬೀಸುವುದು ದಕ್ಷಿಣದ ಗಾಳಿ, ಮೋಡ ಹೊತ್ತ ಗಾಳಿ. ಬೇಸಿಗೆಯುದ್ದಕ್ಕೂ ಆಸರೆಯಾಗಿದ್ದ ದಕ್ಷಿಣ ದಂಡೆಗೆ ಈಗ ಅಲೆ ಅಪ್ಪಳಿಸುತ್ತದೆ. ಅಂಥ ದಿನಗಳಲ್ಲಿ ಗೈಡುಗಳು ಕಯಾಕುಗಳನ್ನು ದ್ವೀಪದ ಮತ್ತೊಂದು ಬದಿಗೆ ಸಾಗಿಸುತ್ತಾರೆ.